ಪ್ರೇಮಕ್ಕನ ಶಿಶುವಿಹಾರಕ್ಕೆ ಬಂದ ಮಹೀನ್

ಪ್ರೇಮಕ್ಕ ಹಾಲಿನ ಲೋಟಗಳ ತಟ್ಟೆ ಹಿಡಿದು ಹೊರಗೆ ಬಂದಾಗ ಮಹೀನ್ ಮರಳಿನ ಗುಂಡಿಯಲ್ಲಿ ಅಂಗಾತ ಮಲಗಿದ್ದಳು. ಕತ್ತಿನವರೆಗೂ ಮರಳು. ಪಕ್ಕದಲ್ಲಿ ಕೂತ ಪುಟ್ಟ ಸಂಹಿತಾ ಬೊಗಸೆ ಬೊಗಸೆ ತುಂಬಿ ಅವಳ ಮುಖದ ಮೇಲೆ ಸುರಿಯುತ್ತಿದ್ದಳು. ಮಹೀನ್ ಕಣ್ಣುಮುಚ್ಚಿಕೊಂಡು, ಮಿಸುಕಾಡದೆ ಇದ್ದಳು.

ತಟ್ಟೆ ಕೈಜಾರಿತು. ಓಡಿಹೋಗಿ ಹುಡುಗಿಯನ್ನು ಎಳೆದೆತ್ತಿ, ಬಾಯಿ ಮೂಗಿನ ಮರಳನ್ನು ಸೆರಗಿನಿಂದ ಒರೆಸಿದರು.

"ಏನ್ ಮಾಡಾಕತ್ತೀ ನೀ?" ಬೆಂಗಳೂರಿಗೆ ಬಂದು ಎಷ್ಟೋ ಕಾಲವಾಗಿದ್ದರೂ ಗಾಬರಿಯಲ್ಲಿ ಗದಗಿನ ಮಾತೇ ಬಂತು.

"ಉಮ್ಮಂಗೆ ಹೇಗಾಗಿತ್ತು ಅಂತ ನೋಡ್ತಿದ್ದೆ, ಮಿಸ್," ಎಂದಳು ಮಹೀನ್.

ಉಮ್ಮ ಎಂದರೆ ಅವಳ ಅಮ್ಮ.

ಗಂಡ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಕಾಕ್ಸ್ ಟೌನಿನ ಮನೆಯ ಮುಂಭಾಗದಲ್ಲೇ ಅವರು ಶಿಶುವಿಹಾರ ನಡೆಸುತ್ತಿದ್ದರು. ಮಹೀನಳನ್ನು ತಂದು ಸೇರಿಸಿದ್ದು ಅವಳ ಸೋದರಮಾವ ಹಾಶಿಮ್. ಶಿವಾಜಿನಗರದಲ್ಲಿ ಬ್ಯಾಗು ರಿಪೇರಿ ಮಾಡುವವನು. ಹಿಂದಿನ ಮಳೆಗಾಲದಲ್ಲಿ ಕೊಡಗಿನ ಕಡೆ ಒಂದು ಎಸ್ಟೇಟಿನ ಕಾರ್ಮಿಕರ ಲೈನುಮನೆಗಳ ಮೇಲೆ ಗುಡ್ಡವೇ ಕುಸಿದಿತ್ತು. ಅಪ್ಪ, ಅಮ್ಮ, ಮನೆ ಎಲ್ಲ ಮಣ್ಣಿನಡಿ ಹೋದವು. ಐದು ವರ್ಷದ ಮಹೀನ್ ಒಬ್ಬಳನ್ನು ಜೀವಂತ ಹೊರಗೆಳೆದರು.

ಬಂದಾಗಿನಿಂದ ಅವಳು ಅತ್ತಿರಲಿಲ್ಲ. ಕೊಟ್ಟಿದ್ದು ತಿಂದಳು, ಹೇಳಿದ್ದು ಕಲಿತಳು. ಮಕ್ಕಳು ಬೇಗ ಮರೆಯುತ್ತವೆ ಎಂದು ಪ್ರೇಮಕ್ಕ ನೆಮ್ಮದಿಯಿಂದ ಇದ್ದುಬಿಟ್ಟಿದ್ದರು.

ಸಂಜೆ ಕರೆದೊಯ್ಯಲು ಬಂದ ಹಾಶಿಮ್ ನಡೆದದ್ದನ್ನು ಕೇಳಿ ಹೇಳಿದ: "ಉಮ್ಮ ಆಸ್ಪತ್ರೇಲಿದ್ದಾರೆ ಅಂತಾನೇ ಹೇಳ್ಕೊಂಡ್ ಬಂದಿದೀನಿ, ಪ್ರೇಮಕ್ಕ. ದೊಡ್ಡೋಳಾದ್ಮೇಲೆ ಹೇಳೋಣ ಅಂತ."

"ಅವಳಿಗೆ ಗೊತ್ತಿದೆ ಹಾಶಿಮ್. ಮಗು ಎಲ್ಲಾ ಒಳಗೇ ನುಂಗ್ಕೊಂಡು ಕೂತಿದೆ."



ಮರುದಿನ ಇಬ್ಬರೂ ಮಕ್ಕಳ ಮನಸ್ಸಿನ ಡಾಕ್ಟರ ಬಳಿ ಹೋದರು. ನಿಜವನ್ನೇ ಹೇಳಿ, ಸಣ್ಣ ಮಾತಲ್ಲಿ ಹೇಳಿ ಎಂದರು ಆಕೆ. ಮುಖಕ್ಕೆ ಮಾತ್ರ ಮರಳು ಬೇಡ. ಆದರೆ ಆಟ ನಿಲ್ಲಿಸಬೇಡಿ, ಜೊತೆಗೆ ಕೂತುಕೊಳ್ಳಿ.

ಶಿಶುವಿಹಾರದಲ್ಲೇ, ಪ್ರೇಮಕ್ಕನ ಎದುರಿಗೇ, ಹಾಶಿಮ್ ಹೇಳಿದ. "ಉಮ್ಮ, ಉಪ್ಪ ತೀರ್ಕೊಂಡ್ರು ಮಹೀನ್. ಇನ್ನು ಬರಲ್ಲ."

ಮಹೀನ್ ಅವನ ಅಂಗಿಯ ಗುಂಡಿ ತಿರುವುತ್ತ ಕೇಳಿದಳು: "ಮಣ್ಣೊಳಗೆ ಉಮ್ಮ ನನ್ನ ಕರೀತಾ ಇದ್ರು. ಆಮೇಲೆ ಕರೀಲಿಲ್ಲ. ನಾನು ಓ ಅನ್ನಲಿಲ್ಲ ಅಂತ ಸತ್ತೋದ್ರಾ?"

ಇಷ್ಟು ತಿಂಗಳೂ ಈ ಪ್ರಶ್ನೆ ಹೊತ್ತುಕೊಂಡೇ ಅವಳು ಅ ಆ ಇ ಈ ತಿದ್ದಿದ್ದಳು. ಪ್ರೇಮಕ್ಕ ಹುಡುಗಿಯನ್ನು ತೊಡೆಗೆ ಎಳೆದುಕೊಂಡು, "ಇಲ್ಲ ಪುಟ್ಟಿ. ಗುಡ್ಡ ಬಿದ್ದಿದ್ದಕ್ಕೆ. ನಿನ್ನಿಂದ ಏನೂ ಆಗಿಲ್ಲ," ಎಂದರು. ಮತ್ತೆ ಹೇಳಿದರು, ಮತ್ತೆ ಮತ್ತೆ ಹೇಳಿದರು. ಆಗ ಮಹೀನ್ ಅತ್ತಳು. ಉಳಿದ ಮಕ್ಕಳೆಲ್ಲ ಮನೆಗೆ ಹೋದ ಮೇಲೂ ಅಳುತ್ತಲೇ ಇದ್ದಳು.

ಮುಂದಿನ ತಿಂಗಳುಗಳಲ್ಲಿ ಪ್ರೇಮಕ್ಕ ಮಂಡಿನೋವಿನಲ್ಲೂ ಮರಳಲ್ಲಿ ಕೂತರು. ಮಹೀನ್ ಗೊಂಬೆ ಹೂಳುವಳು, ಹೆಸರು ಹಿಡಿದು ಕೂಗುವಳು. ಪ್ರೇಮಕ್ಕ ಗೊಂಬೆಯ ಪರವಾಗಿ ಓಗೊಟ್ಟು ಅಗೆದು ತೆಗೆಯಬೇಕು. ಕೆಲವು ದಿನ "ಇವತ್ತು ಸಿಗಲ್ಲ" ಎನ್ನುವಳು. ಆಗ ಇಬ್ಬರೂ ಸುಮ್ಮನೆ ಕೂರುವರು. ಮಳೆ ಬಂದರೆ, ಓಡಲು ಸಿದ್ಧಳಾದಂತೆ, ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಲ್ಲುವಳು. ಯಾರೂ ಒಳಗೆ ಎಳೆಯುತ್ತಿರಲಿಲ್ಲ.

ಜೂನಿನಲ್ಲಿ ಒಂದನೇ ಕ್ಲಾಸಿಗೆ ಸೇರಿದಳು. ಸ್ವಲ್ಪ ದಿನಕ್ಕೇ ಹೊಸ ಸ್ಕೂಲಿನಿಂದ ದೂರು ಬಂತು: ಮಹೀನ್ ವಿಪರೀತ ಮಾತಾಡುತ್ತಾಳೆ. ಹಾಶಿಮ್ ಇದನ್ನು ಫೋನಿನಲ್ಲಿ ನಗುನಗುತ್ತ ಹೇಳಿದ.

"ಮಳೆ ಬಂದ್ರೆ?" ಪ್ರೇಮಕ್ಕ ಕೇಳಿದರು.

"ಇನ್ನೂ ಬಾಗಿಲಲ್ಲೇ ನಿಲ್ತಾಳೆ ಅಕ್ಕ. ಆದ್ರೆ ಈಗ ನನ್ನೂ ಕರೀತಾಳೆ."