ಹೊಂಗೆ ನೆರಳಿನ ಸಲಹೆಗಾರ

ಹದಿನಾರು ಎಂಬ ಊರಿನಲ್ಲಿ ತಾನೇ ಮುಂದೆ ನಿಂತು ಮನೆ ಕಟ್ಟಿಸುತ್ತಿದ್ದ ಇಂದ್ರಾಣಿ, ಮನೆ ತಂಪಾಗಿರಲಿ, ಕರೆಂಟು ಉಳಿಯಲಿ ಎಂದು ನಂಜನಗೂಡಿನಿಂದ ಕರೆಸಿದ್ದು ‘ಎನರ್ಜಿ ಸಲಹೆಗಾರ’ ಎಂದು ಬೋರ್ಡು ಹಾಕಿಕೊಂಡಿದ್ದ ಈ ಮಹಾಶಯನನ್ನು. ಗೋಡೆ ಮುಟ್ಟಿ ನೋಡಲಿಲ್ಲ, ಗಾಳಿ ಯಾವ ಕಡೆಯದೆಂದು ಕೇಳಲಿಲ್ಲ, ಬೈಕಿನಿಂದ ಇಳಿಯುವ ಮೊದಲೇ ತಾರಸಿಯತ್ತ ಕತ್ತೆತ್ತಿ, “ಆರು ಸೋಲಾರ್ ಪ್ಯಾನೆಲ್ ಕೂರುಸ್ಬೋದು ಕಣಕ್ಕ!” ಎಂದ. ಕೇಳಿದ್ದಕ್ಕೆಲ್ಲ ಒಂದೇ ಮಂತ್ರ: ಗೋಡೆ ಕಾದರೆ ಪ್ಯಾನೆಲ್, ಕೋಣೆ ಕತ್ತಲಾದರೆ ಪ್ಯಾನೆಲ್. “ಇದುಕ್ಕೆ ಏನ್ ಓದಿದ್ದೀರಿ ಸಾ?” ಎಂದರೆ ಮೊಬೈಲಿನಲ್ಲಿ ಫೋಟೋ ತೋರಿಸಿದ: ಹೆಚ್ಚು ಪ್ಯಾನೆಲ್ ಮಾರಿದ್ದಕ್ಕೆ ಕಂಪನಿ ಹೊದಿಸಿದ ಶಾಲು. ಕೊನೆಗೆ, “ಈ ಹೊಂಗೆ ಮರ ಕಡಿಸ್ಬುಡಿ, ಪ್ಯಾನೆಲ್‌ಗೆ ನೆರಳಾಯ್ತದೆ” ಎಂದಾಗ ಇಂದ್ರಾಣಿಗೆ ಮೈಯೆಲ್ಲ ಉರಿದುಹೋಯಿತು. ಬಂದಾಗಿನಿಂದ ಅವನು ಆ ನೆರಳು ಬಿಟ್ಟು ಕದಲಿರಲಿಲ್ಲ. “ಕಡಿಸ್ತೀನಿ ಕಣಪ್ಪ. ಮೊದ್ಲು ಆಚೆ ಬಿಸಿಲಿಗೋಗಿ ನಿಂತ್ಕೊಂಡು ಆ ಮಾತ ಇನ್ನೊಂದ್ಸಲ ಯೋಳು!”