ಪುಟ್ಟತಾಯಿಯ ನಳ್ಳಿ ಸಾರು

ಇವತ್ತು ಬೆಳಿಗ್ಗೆ ಸೊಸೆ ಸಂತೆಯಿಂದ ನಳ್ಳಿ ತಂದು ಬಕೆಟ್ಟಿಗೆ ಸುರಿದಳು. ಏಡಿಗೆ ನಮ್ಮ ಹುಣಸೂರಿನ ಕಡೆ ನಳ್ಳಿ ಅನ್ನುತ್ತೇವೆ. ಸುರಿದದ್ದೇ ತಡ, ಗದ್ದೆ ಕೆಸರಿನ ವಾಸನೆ ಜಗುಲಿಯವರೆಗೂ ಬಂತು. ಆ ವಾಸನೆಗೆ ನಿಮಗೆ ಬಾಯಲ್ಲಿ ನೀರೂರಬಹುದು. ನನಗೆ ಮಾತ್ರ ಹೊಟ್ಟೆ ಉರಿಯುತ್ತದೆ. ಐವತ್ತರ ದಶಕದ ಉರಿ ಅದು, ಇನ್ನೂ ಪೂರ್ತಿ ಆರಿಲ್ಲ.

ಹಾರನಹಳ್ಳಿಯಿಂದ ಈ ಮನೆಗೆ ಹಿರಿ ಸೊಸೆಯಾಗಿ ಬಂದವಳು ನಾನು. ಅತ್ತೆ ತೀರಿಹೋಗಿದ್ದರು. ಮಾವನ ತಟ್ಟೆಗೆ ಬಡಿಸುವ ಹಕ್ಕು ನನ್ನದು. ಕಾಯಿ, ಗಸಗಸೆ, ಧನಿಯ ಅಂತ ಬೆಳಗೆಲ್ಲ ಅರೆದು ನಾನು ಕುದಿಸುವ ಸಾರಿಗೆ ಬೀದಿಯೆಲ್ಲ ಮೂಗರಳಿಸುತ್ತಿತ್ತು. ಊರಿಗೊಬ್ಬಳೇ ಪದ್ಮಾವತಿ ಅಂದುಕೊಂಡಿದ್ದೆ, ಬಿಡಿ.

ಆಮೇಲೆ ಮೈದುನನ ಹೆಂಡತಿ ಪುಟ್ಟತಾಯಿ ಬಂದಳು. ಕೆ.ಆರ್. ನಗರದ ನಾಲೆ ಬಯಲಿನವಳು, ಭತ್ತದ ಗದ್ದೆಯಲ್ಲೇ ಬೆಳೆದವಳು. ಆ ಮಳೆಗಾಲ ಮಾವನಿಗೆ ಚಳಿಜ್ವರ ಬಂದು ಬಾಯಿ ಕೆಟ್ಟುಹೋಯಿತು. ನನ್ನ ಸಾರು ಕಂಡರೆ ಮುಖ ತಿರುಗಿಸುತ್ತಿದ್ದರು. ಇವಳು ಗದ್ದೆಗೆ ಹೋಗಿ ಸೆರಗಿನಲ್ಲಿ ನಳ್ಳಿ ಕಟ್ಟಿಕೊಂಡು ಬಂದಳು. ಕುಟ್ಟಿ, ಬಟ್ಟೆಯಲ್ಲಿ ಸೋಸಿ, ಆ ರಸಕ್ಕೆ ಬೆಳ್ಳುಳ್ಳಿ, ಮೆಣಸು, ಒಂದು ಹಿಡಿ ನುಗ್ಗೆಸೊಪ್ಪು, ನಾಲ್ಕು ಹೋಳು ಹೀರೆಕಾಯಿ ಹಾಕಿದಳು. ಅರೆಯುವುದು ಗಿರೆಯುವುದು ಒಂದೂ ಇಲ್ಲ. ನಾನು ಮುದ್ದೆ ತೊಳಸಿ ಇಳಿಸುವಷ್ಟರಲ್ಲಿ ಅವಳ ಸಾರು ಆಗಿಹೋಗಿತ್ತು.

ಮಾವ ಬಟ್ಟಲೆತ್ತಿ ಕುಡಿದರು. "ನಾಲ್ಗೆಗೆ ಜೀವ ಬಂತು ಕಣವ್ವ. ಇನ್ಮೇಲೆ ನಂಗೆ ನೀನೇ ಇಕ್ಕು" ಅಂದರು. ಸೌಟು ಹಿಡಿದು ನಾನು ಅಲ್ಲೇ ನಿಂತಿದ್ದೆ. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಅಂದಿನಿಂದ ಅವಳು ಒರಳು ಮುಟ್ಟಿದರೆ ನನ್ನ ಎದೆಯಲ್ಲೇ ಕುಟ್ಟಿದ ಹಾಗಾಗುತ್ತಿತ್ತು. ಕದ್ದು ನೋಡಿ ನೋಡಿ ಎಲ್ಲ ಕಲಿತೆ. ಅವಳು ಬಾಣಂತನಕ್ಕೆ ತವರಿಗೆ ಹೋದದ್ದೇ, ನಾನೂ ನಳ್ಳಿ ತರಿಸಿ ಹಾಗೇ ಮಾಡಿದೆ. ಮೆಣಸೊಂದು ಚಿಟಿಕೆ ಹೆಚ್ಚೇ ಹಾಕಿದೆ. ಮಾವ ಒಂದು ಗುಟುಕು ಕುಡಿದು, ಪಾಪ, ಸೊಪ್ಪನ್ನಷ್ಟೇ ಆರಿಸಿ ತಿಂದರು.

"ಸೊಪ್ಪು ಚೆನ್ನಾಗೈತೆ" ಅಂದರು. ಆಮೇಲೆ ಮೆಲ್ಲಗೆ, "ಬೆಳ್ದಿಂಗ್ಳ ದಿನದ ನಳ್ಳಿ ಒಳಗೆ ಟೊಳ್ಳು ಕಣವ್ವ. ಚಿಕ್ಕೋಳು ಅಮಾಸೆ ಸುತ್ತಮುತ್ಲೇ ಮಾಡೋದು."

ನಾನು ಮಾಡಿದ್ದು ಹುಣ್ಣಿಮೆಯ ದಿನ. ಹಾರನಹಳ್ಳಿಯ ಹೊಗೆಸೊಪ್ಪಿನ ಹೊಲದಲ್ಲಿ ಬೆಳೆದವಳಿಗೆ ನಳ್ಳಿಯ ಅಮಾವಾಸ್ಯೆ ಹುಣ್ಣಿಮೆ ಯಾರು ಹೇಳಬೇಕು? ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ.

ಪುಟ್ಟತಾಯಿ ಕೂಸು ಎತ್ತಿಕೊಂಡು ವಾಪಸು ಬಂದ ದಿನವೇ ಜಗಳಕ್ಕೆ ನಿಂತೆ. "ಯಾಕೆ ಹೇಳ್ನಿಲ್ಲ ನಂಗೆ? ನಾನು ನೋಡ್ಕತಾ ಇದ್ದದ್ದು ಗೊತ್ತಿತ್ತು ತಾನೆ ನಿಂಗೆ?"

"ಗೊತ್ತಿತ್ತು" ಅಂದಳು. ಕೂಸನ್ನು ಹೆಗಲಿಗೆ ಹಾಕಿಕೊಂಡಳು. "ಒಲೆ ನಿಂದು, ಉಗ್ರಾಣ ನಿಂದು, ಬಂದೋರು ಹೋದೋರೆಲ್ಲ ಕೇಳೋದೂ ನಿನ್ನೇ. ಈ ಮನೇಲಿ ನಂದು ಅಂತ ಇರೋದು ಇದೊಂದು ಸಾರು ಕಣಕ್ಕ. ಅದ್ನೂ ಕೊಟ್ಬುಡ್ಲಾ?"

ನನ್ನನ್ನು ಕಂಡು ಕರುಬುವವರೂ ಇದ್ದಾರೆ ಅಂತ ಅವತ್ತೇ ಗೊತ್ತಾದದ್ದು. ಮಾವನಿಗೆ ಕೊನೆತನಕ ಅವಳೇ ಬಡಿಸಿದಳು. ನಾನು ನೋಡಿಕೊಂಡು ಉರಿಯುತ್ತಲೇ ಇದ್ದೆ, ಸುಳ್ಳೇಕೆ ಹೇಳಲಿ. ಈಗ ಅವಳಿಲ್ಲ.

"ಅತ್ತೆ, ನಾಳೆ ಅಮಾಸೆ. ನಳ್ಳಿ ತುಂಬ್ಕಂಡವೆ. ನಿಮ್ ಕೈಲೇ ಸಾರು ಮಾಡ್ಕೊಡಿ" ಎಂದು ಒಳಗಿನಿಂದ ಸೊಸೆ ಕೂಗುತ್ತಿದ್ದಾಳೆ.

ಎದ್ದು ಹೋಗಿ ಬಕೆಟ್ಟು ನೋಡಿದೆ. "ಹುರುದು ಮಾಡವ್ವ" ಅಂದೆ. "ಸಾರು ನಂದಲ್ಲ."