ತಾನಾಗಿ ಬಂದ ಜಾಲಿ

ತೆಲಂಗಾಣ ಬೇರೆ ರಾಜ್ಯವಾದ ಕೆಲವು ವರ್ಷಕ್ಕೆ ಕರ್ನಾಟಕದ ಗಡಿಗೆ ಹತ್ತಿದ ಗಟ್ಟು ಮಂಡಲದ ನಮ್ಮೂರಿಗೂ ರಸ್ತೆ ಬದಿ ನೆಡಲು ಸರ್ಕಾರದ ಸಸಿಗಳು ಬಂದವು. ಅವುಗಳ ಹಿಂದೆ ಪಂಚಾಯ್ತಿಗೆ ಟ್ರ್ಯಾಕ್ಟರು, ನೀರಿನ ಟ್ಯಾಂಕರು ಬಂದವು. ಓಡಿಸುವ ಕೆಲಸ ನನಗೆ ಸಿಕ್ಕಿತು, ಪೈಪು ಹಿಡಿಯುವ ಕೆಲಸ ಅತ್ತಿಗೆಗೆ. ಅಣ್ಣನ ಜೊತೆ ಬಹಳ ಕಾಲ ಮುಂಬೈಯಲ್ಲಿ ಕಟ್ಟಡದ ಕೂಲಿ ಮಾಡಿ ಅವಳು ಆಗಷ್ಟೇ ಊರಿಗೆ ಮರಳಿದ್ದಳು. ಸಸಿ ಬೆಳೆಸುವ ಬಗ್ಗೆ ನಮ್ಮಿಬ್ಬರಿಗೂ ಗೊತ್ತಿದ್ದದ್ದು ಇಷ್ಟೇ: ಬುಡಕ್ಕೆ ನೀರು ಹಾಕಬೇಕು.

ಗದ್ವಾಲ ರಸ್ತೆಯ ಪಕ್ಕ ಬೇವಿನ ಸಸಿ ನೆಟ್ಟು, ಸುತ್ತ ಹಸಿರು ಬಲೆ ಕಟ್ಟಿದ್ದರು. ಮೊದಲ ಬೇಸಿಗೆಯಲ್ಲಿ ಬಲೆ ಉಳಿಯಿತು, ಸಸಿಗಳು ಬಹುಪಾಲು ಒಣಗಿದವು. ಒಣಗಿದ್ದಕ್ಕೂ ನೀರು ಹಾಕುತ್ತಿದ್ದೆವು. ನಿಲ್ಲಿಸಿ ಎಂದು ಯಾರೂ ಹೇಳಿರಲಿಲ್ಲ. ಹಾಗೆ ನೀರು ಕುಡಿದ ಒಂದು ಗುಂಡಿಯಲ್ಲಿ ಮುಳ್ಳಿನ ಗಿಡವೊಂದು ತಾನಾಗಿ ಎದ್ದಿತು. ಅತ್ತಿಗೆ ಅದಕ್ಕೂ ಪೈಪು ಹಿಡಿದಳು.

“ಅತ್ತಿಗಿ, ಅದು ನಾವು ಹಚ್ಚಿದ್ದಲ್ಲ,” ಎಂದೆ.

“ಹಚ್ಚಿದ್ದು ಸತ್ತೈತಿ, ಇದು ಬದುಕೈತಿ. ನೀರು ಯಾರಿಗೆ ಹಾಕಾಕ ಬಂದೀವಿ?”

ಮಳೆ ಶುರುವಾದಾಗ ಪಂಚಾಯ್ತಿ ಕಾರ್ಯದರ್ಶಿ ನೋಡಲು ಬಂದರು. ಅವರದು ತೆಲುಗು, ಅತ್ತಿಗೆಯದು ಕನ್ನಡ. ಇಬ್ಬರಿಗೂ ಇನ್ನೊಬ್ಬರ ಮಾತು ತಿಳಿಯುತ್ತಿತ್ತು, ಇಬ್ಬರೂ ತಮ್ಮದನ್ನು ಬಿಡಲಿಲ್ಲ.

“ಇದಿ ಸರ್ಕಾರ್ ತುಮ್ಮ ಕದಾ. ಪೀಕೇಯಮ್ಮಾ,” ಎಂದರು. ಹೊಲಕ್ಕೆ ನುಗ್ಗಿ ಹಬ್ಬುವ ಸರ್ಕಾರಿ ಜಾಲಿ ಎಂದುಕೊಂಡು, ಕಿತ್ತುಹಾಕಲು ಹೇಳಿದ್ದರು.

“ಅಲ್ರೀ ಸಾರ್, ಇದು ಕರಿಜಾಲಿ. ಕೀಳಾಕ ನನ್ನ ಕೈಯಾಗ ಆಗಂಗಿಲ್ರಿ.”

ಕಾರ್ಯದರ್ಶಿ ಬಗ್ಗಿ ನೋಡಿ, ಬೆರಳಿಗೆ ಮುಳ್ಳು ಚುಚ್ಚಿಸಿಕೊಂಡು ಎದ್ದರು. ಅದೇ ಗುಂಡಿಯಲ್ಲಿ ಇನ್ನೊಂದು ಬೇವು ನೆಡಿಸಿ, ಎರಡೂ ಇರಲಿ ಎಂದು ಹೋದರು.

ಮರುವರ್ಷ ಬಲೆಗಳೂ ಹರಿದವು. ಕುರಿ, ಆಡುಗಳು ಉಳಿದ ಬೇವುಗಳನ್ನು ಮೇಯ್ದುಕೊಂಡು ಹೋದವು. ಜಾಲಿಯ ಮುಳ್ಳಿನೊಳಗಿದ್ದ ಬೇವಿಗೆ ಮಾತ್ರ ಬಾಯಿ ಹಾಕಲಾಗಲಿಲ್ಲ. ಕಾರ್ಯದರ್ಶಿ ಅದರ ಫೋಟೊ ತೆಗೆದುಕೊಂಡರು, ಜಾಲಿ ಆದಷ್ಟು ಕಡಿಮೆ ಕಾಣುವ ಕಡೆಯಿಂದ. ಆಮೇಲೆ ಟ್ರ್ಯಾಕ್ಟರಿನ ಬಳಿ ಬಂದು, ಖಾಲಿ ಗುಂಡಿಗಳಿಗೂ ಜಾಲಿ ಹಾಕಿದರೆ ಹೇಗೆ ಎಂದು ಮೆಲ್ಲಗೆ ಕೇಳಿದರು.

ಅತ್ತಿಗೆ ಹೊಲದ ಬದುವಿನ ಜಾಲಿಯಿಂದ ಕಾಯಿ ಹರಿದು ತಂದು, ಬೀಜ ಬಿಡಿಸಿ ಊರಿದಳು. ಒಂದೂ ಮೊಳೆಯಲಿಲ್ಲ. ಅವಳಿಗೆ ಬಹಳ ಅವಮಾನವಾಯಿತು. ಒಂದು ವಾರ ನನ್ನ ಜೊತೆ ಮಾತು ಬಿಟ್ಟಳು, ನಾನೇನೂ ಮಾಡಿರಲಿಲ್ಲ.

ಗುಂಡಿ ಕೆದಕಿ ನೋಡುತ್ತಿದ್ದಾಗ ಹಿಂಡಿನ ಜೊತೆ ಬಂದ ಕುರಿಗಾರನೊಬ್ಬ ನಿಂತ.

“ಏನು ಹುಡುಕಾಕತ್ತೀರಿ ಯಕ್ಕಾ?”

“ಜಾಲಿ ಬೀಜ ಹಾಕಿದ್ವಿ. ಒಂದೂ ಎದ್ದಿಲ್ಲ.”

“ಗಿಡದಿಂದ ಹರಿದು ಹಾಕಿದ್ರ ಹೆಂಗ ಏಳ್ತಾವ? ಸಿಪ್ಪಿ ಗಟ್ಟಿ ಇರ್ತೈತಿ. ಕುರಿ ತಿಂದು ಹಾಕಿದ್ದು ಊರ್ರಿ. ನಮ್ಮ ಹಟ್ಟಿಗೆ ಬರ್ರಿ, ಬೇಕಾದಷ್ಟು ಐತಿ.”

ನಮ್ಮ ಬೇವು ತಿಂದದ್ದು ಇದೇ ಹಿಂಡು ಎಂದು ಮೂವರಿಗೂ ಗೊತ್ತಿತ್ತು. ಅತ್ತಿಗೆ ಹಟ್ಟಿಯ ದಾರಿ ಕೇಳಿಕೊಂಡಳು.

ಮರುದಿನ ಪಂಚಾಯ್ತಿ ಟ್ರ್ಯಾಕ್ಟರಿನಲ್ಲೇ ಹಟ್ಟಿಗೆ ಹೋಗಿ, ಕುರಿ ಹಿಕ್ಕೆಯೊಳಗಿನ ಬೀಜ ಆರಿಸಿದೆವು. ಕಾರ್ಯದರ್ಶಿಯೂ ಬಂದಿದ್ದರು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡಿದ್ದರು, ಆದರೆ ನಮ್ಮ ಜೊತೆ ನೆಲಕ್ಕೆ ಕೂತು ಆರಿಸಿದರು. ಈ ಸಲ ಮೊಳಕೆ ಬಂದವು, ಎಲ್ಲವೂ ಅಲ್ಲ, ಸಾಕಾಗುವಷ್ಟು. ಅವು ಮುಳ್ಳು ಬಿಟ್ಟ ಮೇಲೆ ಮಗ್ಗುಲಲ್ಲೇ ಬೇವು ನೆಟ್ಟೆವು.

ಮುಂದೆ ಆ ಕಾರ್ಯದರ್ಶಿಗೆ ಇಟಿಕ್ಯಾಲದ ಕಡೆ ವರ್ಗವಾಯಿತು. ಹೊಸಬರು ಬಂದು, ರಸ್ತೆಯುದ್ದಕ್ಕೂ ಈ ಮುಳ್ಳು ಯಾಕೆ ಎಂದು ಕೇಳಿದರು. ಅತ್ತಿಗೆ ಪೈಪನ್ನು ನನ್ನ ಕೈಗೆ ಕೊಟ್ಟು, ಒಳಗಿದ್ದ ಬೇವು ತೋರಿಸಲು ಅವರನ್ನು ಬಗ್ಗಿಸಿದಳು.